ಮೂಗುಬೊಟ್ಟಿನ ಗೆರೆ

ಹಳೆಯ ಫೋಟೊಗಳನ್ನು ಕಂಪ್ಯೂಟರಿನ ಪರದೆ ತುಂಬ ಹಿಗ್ಗಿಸಿ ನೋಡುವ ಅಭ್ಯಾಸ ಬೆಳೆದ ಮೇಲೆ, ಮಬ್ಬು ಎನ್ನುವುದು ಒಂದೇ ಬಗೆಯದಲ್ಲ ಎಂದು ಗೊತ್ತಾಯಿತು. ಕ್ಯಾಮೆರಾ ಹಿಡಿದ ಕೈ ಅಲುಗಿದ್ದರೆ ಪಟದಲ್ಲಿರುವುದೆಲ್ಲ ಒಂದೇ ಕಡೆಗೆ ಎಳೆದುಕೊಂಡಿರುತ್ತದೆ. ಬಾಗಿಲ ದಾರಂದ, ತುಳಸಿಕಟ್ಟೆ, ನಿಂತವರ ಮೂಗು ಎಲ್ಲಕ್ಕೂ ಅದೇ ಎಳೆತ, ಅಷ್ಟೇ ಉದ್ದ. ಫೋಕಸ್ ತಪ್ಪಿದ್ದರೆ ಎಳೆತವಿಲ್ಲ, ಚುಕ್ಕೆಗಳು ಬಿಲ್ಲೆಗಳಾಗಿ ಅರಳಿರುತ್ತವೆ. ಹಿಂದೆ ಮದುವೆಮನೆಯ ಸೀರಿಯಲ್ ಸೆಟ್ ಇದ್ದರಂತೂ ಆ ಬಣ್ಣದ ಬಿಲ್ಲೆಗಳು ನೋಡಲಿಕ್ಕೇ ಚಂದ. ಎದುರಿಗಿದ್ದವರು ಅಲುಗಿದ್ದರೆ ಹಿಂದಿನ ಗೋಡೆಯ ಸುಣ್ಣದ ಬಿರುಕು ಕೂಡ ಸ್ಪಷ್ಟವಾಗಿ ಬಂದು, ಮಗುವಿನ ಮುಖ ಮಾತ್ರ ಕದಡಿರುತ್ತದೆ. ಇನ್ನು ನಮ್ಮ ಮಲೆನಾಡಿನ ಮಳೆಗಾಲದಲ್ಲಿ ಬೀರುವಿನೊಳಗೇ ಉಳಿದ ಕ್ಯಾಮೆರಾಗಳ ಲೆನ್ಸಿಗೆ ಬೂಷ್ಟು ಹಿಡಿದು ಬರುವ ಮಬ್ಬು ಬೇರೆಯೇ. ಅದು ಪಟದ ಮೇಲೆಲ್ಲ ತೆಳ್ಳಗೆ ಹಾಲು ಚೆಲ್ಲಿಕೊಂಡಿರುತ್ತದೆ. ಇಷ್ಟು ಬೇರೆಬೇರೆ ಕಾಯಿಲೆಗಳಿಗೆ ಒಂದೇ ಹೆಸರಿಟ್ಟು, ಆಲ್ಬಮ್ಮಿನಿಂದ ತೆಗೆದು ಡಬ್ಬಿಗೆ ಹಾಕುವುದು ಎಲ್ಲರ ಮನೆಯ ಪದ್ಧತಿ. ಒಳ್ಳೆಯ ಪದ್ಧತಿಯೇ. ಎಸೆದವರಿಗಿಂತ ಡಬ್ಬಿಗೆ ಹಾಕಿದವರಿಗೆ ನಾನು ಋಣಿ.

ಸಂಜೆ ಮನೆಗೆಲಸ ಮುಗಿದ ಮೇಲೆ ಇಂಥ ಡಬ್ಬಿಯ ಪಟಗಳನ್ನು ಒಂದೊಂದಾಗಿ ಸರಿಮಾಡುವುದು ನನ್ನ ಪ್ರೀತಿಯ ಕೆಲಸ. ಅವಸರವಿಲ್ಲ, ಕೇಳುವವರಿಲ್ಲ. ಕೆಲವು ಪಟಗಳು ವಾರಗಟ್ಟಲೆ ಹಾಗೇ ಕೂರುತ್ತವೆ. ಈ ಕೆಲಸಕ್ಕೆ ನನ್ನನ್ನು ಕಟ್ಟಿಹಾಕಿದ್ದು ಒಂದು ಸಂಗತಿ: ಕೈ ಅಲುಗಿದ ಪಟದಲ್ಲಿ ಬೆಳಕು ಕಳೆದುಹೋಗಿರುವುದಿಲ್ಲ. ಲೆನ್ಸಿನೊಳಗೆ ಬಂದದ್ದೆಲ್ಲ ಫಿಲ್ಮಿನ ಮೇಲೇ ಬಿದ್ದಿರುತ್ತದೆ. ಒಂದು ಕಡೆ ಬೀಳಬೇಕಾದದ್ದು ಪಕ್ಕಪಕ್ಕಕ್ಕೆ ಹಂಚಿಹೋಗಿದೆ, ಅಷ್ಟೆ. ಹಂಚಿದ್ದಕ್ಕೂ ಒಂದು ನಿಯಮವಿದೆ. ಕೈ ಯಾವ ದಾರಿಯಲ್ಲಿ ಅಲುಗಿತೋ ಅದೇ ದಾರಿಯಲ್ಲಿ ಪಟದ ಪ್ರತಿಯೊಂದು ಚುಕ್ಕೆಯೂ ಸಾಗಿದೆ. ಆ ದಾರಿ ಗೊತ್ತಾದರೆ ಬೆಳಕನ್ನು ಹಿಂದಕ್ಕೆ ಕರೆಯಬಹುದು.

ದಾರಿ ಗೊತ್ತಾಗುವುದು ಹೇಗೆ? ಅಜ್ಜಿಯ ಪಟದಲ್ಲಿ ಅದನ್ನು ತೋರಿಸಿಕೊಟ್ಟದ್ದು ಅವಳ ಮೂಗುಬೊಟ್ಟು.

ಪಟ ತೆಗೆದವರು ನನ್ನ ಸೋದರಮಾವ. ಅವರ ಹತ್ತಿರ ಆಗ ಅಗ್ಫಾ ಕ್ಲಿಕ್-3 ಇತ್ತು. ಒಂದು ಕಾಲಕ್ಕೆ ನಮ್ಮ ದೇಶದ ಎಷ್ಟೋ ಮನೆಗಳ ಮೊದಲ ಕ್ಯಾಮೆರಾ ಅದು. 120 ರೋಲ್ ಹಾಕಿದರೆ 12 ಚೌಕ ಪಟಗಳು. ಬಿಸಿಲೋ ಮೋಡವೋ ನೋಡಿ ಒಂದು ಗುರುತು ಸರಿಸಿಕೊಂಡು, ಲೆನ್ಸಿನ ಪಕ್ಕದ ಲಿವರ್ ಒತ್ತಿದರೆ ಮುಗಿಯಿತು. ಕೈ ಅಲುಗುವ ಭಯಕ್ಕೆ ಶಟರ್ ವೇಗ ಹೆಚ್ಚಿಸಿಕೊಳ್ಳುವ ಸವಲತ್ತು ಅದರಲ್ಲಿಲ್ಲ. ಅಡಿಕೆ ಕೊಯ್ಲಿನ ಕಾಲ, ಹೊತ್ತು ಇಳಿಯುತ್ತಿದೆ. ಅಜ್ಜಿ ಅಂಗಳದ ಚಪ್ಪರದ ಅಂಚಿನಲ್ಲಿ ಮೆಟ್ಟುಗತ್ತಿಯ ಮೇಲೆ ಕೂತು ಅಡಿಕೆ ಸುಲಿಯುತ್ತಿದ್ದಾಳೆ. ಪಕ್ಕದಲ್ಲಿ ಒಂದು ಹಿತ್ತಾಳೆ ತಂಬಿಗೆ, ಎದುರಿಗೆ ಸಿಪ್ಪೆಯ ರಾಶಿ. ಮುಖ ಎಲ್ಲಿದೆ ಎಂದು ತಿಳಿಯುತ್ತದೆಯೇ ಹೊರತು ಮುಖ ಕಾಣುವುದಿಲ್ಲ. ನೆಗೆಟಿವ್ ಮಾತ್ರ ಬಟರ್ ಪೇಪರಿನ ಲಕೋಟೆಯಲ್ಲಿ, ಬಿಸ್ಕತ್ತಿನ ಡಬ್ಬಿಯ ತಳದಲ್ಲಿ, ಗೀರು ಬೀಳದೆ ಉಳಿದಿತ್ತು. ಪ್ರಿಂಟಿಗಿಂತ ನೆಗೆಟಿವ್ ಸಿಕ್ಕರೆ ಅರ್ಧ ಗೆದ್ದಂತೆ. ಕಾಗದದ ಮೇಲೆ ಬರುವಾಗ ಬಿಟ್ಟುಹೋಗುವ ಎಷ್ಟೋ ನಸುಛಾಯೆಗಳು ಅದರಲ್ಲಿ ಇನ್ನೂ ಇರುತ್ತವೆ.

ಸ್ಕ್ಯಾನ್ ಮಾಡಿ ಹಿಗ್ಗಿಸಿದಾಗ ಮೂಗಿನ ಹತ್ತಿರ ಒಂದು ಬಿಳಿ ಗೆರೆ ಕಂಡಿತು. ಮೊದಲು ಧೂಳೆಂದೇ ಅನಿಸಿದ್ದು. ಧೂಳಾಗಿದ್ದರೆ ಅಂಚು ಚೂಪಾಗಿರಬೇಕು, ಇದಕ್ಕೆ ಅಂಚು ಮೃದುವಾಗಿತ್ತು. ಮೇಲಿನಿಂದ ಕೆಳಕ್ಕೆ ನೇರ ಇಳಿದು, ಕೊನೆಯಲ್ಲಿ ಎಡಕ್ಕೆ ಸ್ವಲ್ಪ ಕೊಕ್ಕೆ ತಿರುಗಿತ್ತು. ಕೊಕ್ಕೆಯ ಹತ್ತಿರ ಬೆಳಕು ದಟ್ಟ, ನೇರ ಭಾಗದಲ್ಲಿ ತೆಳು. ತಂಬಿಗೆಯ ಕಂಠದ ಮೇಲೂ ಅದೇ ಗೆರೆ, ಅದೇ ಕೊಕ್ಕೆ, ಅಷ್ಟೇ ಉದ್ದ. ಅಲ್ಲಿಗೆ ಸಂಶಯ ಹರಿಯಿತು. ಇಳಿಬಿಸಿಲು ಮೂಗುಬೊಟ್ಟಿನ ಹರಳಿಗೆ ತಾಗಿ ಒಂದೇ ಒಂದು ಚುಕ್ಕೆಯಾಗಿ ಹೊಳೆದಿದೆ. ಶಟರ್ ತೆರೆದಿದ್ದ ಅಷ್ಟು ಹೊತ್ತಿನಲ್ಲಿ ಕ್ಯಾಮೆರಾ ಹೇಗೆ ಹೇಗೆ ಸರಿಯಿತೋ ಆ ಚುಕ್ಕೆ ಹಾಗೆಲ್ಲ ಫಿಲ್ಮಿನ ಮೇಲೆ ಬರೆದಿದೆ. ಲಿವರ್ ಒತ್ತುವಾಗ ಕ್ಯಾಮೆರಾ ಸರಿದದ್ದು ನೇರ ಗೆರೆ, ಬೆರಳು ಸಡಿಲವಾಗುವಾಗ ಒಂದು ಕ್ಷಣ ತಡೆದು ತಿರುಗಿದ್ದು ಕೊಕ್ಕೆ. ತಡೆದಲ್ಲಿ ಬೆಳಕು ಹೆಚ್ಚು ಬಿದ್ದು ದಟ್ಟವಾಗಿದೆ. ಅಜ್ಜಿಯ ಪಟದೊಳಗೆ ಮಾವನ ಬೆರಳಿನ ಚಲನೆಯೂ ದಾಖಲಾಗಿ ಇಷ್ಟು ವರ್ಷ ಡಬ್ಬಿಯಲ್ಲಿ ಕೂತಿತ್ತು ಎನ್ನುವುದು ಹೊಳೆದಾಗ ನಾನು ಕುರ್ಚಿಯಿಂದ ಎದ್ದು ಒಂದು ಸುತ್ತು ಓಡಾಡಿ ಬಂದೆ.

ಈ ವಿದ್ಯೆ ಬೆಳೆದದ್ದು ಮನೆಯ ಪಟಗಳಿಗಾಗಿ ಅಲ್ಲ. ಸಿಗ್ನಲ್ಲಿನೊಳಗೆ ಬೆರೆತ ಗದ್ದಲವನ್ನು ಬೇರೆ ಮಾಡುವ ಲೆಕ್ಕವನ್ನು ಗಣಿತಜ್ಞ ನಾರ್ಬರ್ಟ್ ವೀನರ್ ಎರಡನೆಯ ಮಹಾಯುದ್ಧದ ಕಾಲಕ್ಕೇ ಮಾಡಿದ್ದರು. ಮಬ್ಬು ಬಿಡಿಸುವ ಕೆಲಸ ಲೋಕಪ್ರಸಿದ್ಧವಾದದ್ದು ಹಬಲ್ ದೂರದರ್ಶಕದಿಂದ. 1990ರ ಏಪ್ರಿಲ್ 24ರಂದು ಡಿಸ್ಕವರಿ ನೌಕೆಯಲ್ಲಿ ಮೇಲೆ ಹೋದ ಹಬಲ್‌ನ ಮುಖ್ಯ ಕನ್ನಡಿ 2.4 ಮೀಟರ್ ಅಗಲ. ಬಂದ ಚಿತ್ರಗಳಲ್ಲಿ ಪ್ರತಿ ನಕ್ಷತ್ರದ ಸುತ್ತಲೂ ಮಂಕು ಪ್ರಭಾವಳಿ. ಹುಡುಕಿದಾಗ ತಿಳಿದದ್ದು: ಕನ್ನಡಿಯನ್ನು ಪರೀಕ್ಷಿಸುವ ಉಪಕರಣದಲ್ಲಿ ಒಂದು ಮಸೂರ 1.3 ಮಿಲಿಮೀಟರಿನಷ್ಟು ಜಾಗ ತಪ್ಪಿ ಕೂತಿತ್ತು. ಆ ಉಪಕರಣವನ್ನು ನಂಬಿ ಉಜ್ಜಿದ ಕನ್ನಡಿಯ ಅಂಚು ಇರಬೇಕಾದ್ದಕ್ಕಿಂತ ಸುಮಾರು 2.2 ಮೈಕ್ರಾನ್ ಚಪ್ಪಟೆಯಾಗಿತ್ತು. ಕೂದಲೆಳೆಯ ದಪ್ಪದಲ್ಲಿ ಸುಮಾರು ಐವತ್ತನೆಯ ಒಂದು ಭಾಗ ಅದು. ನಕ್ಷತ್ರದ ಬೆಳಕಿನಲ್ಲಿ ಶೇಕಡಾ 70ರಷ್ಟು ನಡುವಿನ ಚುಕ್ಕೆಯಲ್ಲಿ ಸೇರಬೇಕಿದ್ದಲ್ಲಿ ಸೇರಿದ್ದು ಶೇಕಡಾ 15ರ ಆಸುಪಾಸು. ಉಳಿದದ್ದೆಲ್ಲ ಸುತ್ತ ಚದುರಿತ್ತು.

1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಎಂಡೆವರ್ ನೌಕೆಯಲ್ಲಿ ಹೋಗಿ ದೋಷ ತಿದ್ದುವ ಪುಟ್ಟ ಕನ್ನಡಿಗಳನ್ನೂ ಹೊಸ ಕ್ಯಾಮೆರಾವನ್ನೂ ಕೂರಿಸಿದ ಕತೆ ಎಲ್ಲರಿಗೂ ಗೊತ್ತು. ನನಗೆ ಅದಕ್ಕಿಂತ ಇಷ್ಟವಾಗುವುದು ಅದಕ್ಕೆ ಮುಂಚಿನ ಮೂರು ವರ್ಷಕ್ಕೂ ಮೀರಿದ ಅವಧಿ. ಖಗೋಳ ವಿಜ್ಞಾನಿಗಳು ಕೈಕಟ್ಟಿ ಕೂರಲಿಲ್ಲ. ಕನ್ನಡಿಯ ತಪ್ಪು ಕರಾರುವಾಕ್ಕಾದ ತಪ್ಪಾಗಿತ್ತು, ಮೈಯೆಲ್ಲ ಒಂದೇ ನಿಯಮಕ್ಕೆ ಒಳಪಟ್ಟಿತ್ತು. ನಕ್ಷತ್ರ ಎಷ್ಟು ದೂರವಿರುತ್ತದೆಂದರೆ ಅದು ಬರಿಯ ಚುಕ್ಕೆ. ಆ ಚುಕ್ಕೆ ಚಿತ್ರದಲ್ಲಿ ಯಾವ ಆಕಾರಕ್ಕೆ ಹರಡಿದೆ ಎಂದು ನೋಡಿದರೆ ಬೆಳಕು ಹಂಚಿಹೋದ ರೀತಿ ತಾನೇ ತಿಳಿಯುತ್ತದೆ. ಅಜ್ಜಿಯ ಮೂಗುಬೊಟ್ಟು ಮಾಡಿದ್ದೂ ಅದೇ ಕೆಲಸ. ಆ ವಿಜ್ಞಾನಿಗಳು ಆಗ ಎತ್ತಿಕೊಂಡ ವಿಧಾನಗಳಲ್ಲಿ ಒಂದು, 1972ರಲ್ಲಿ ವಿಲಿಯಂ ರಿಚರ್ಡ್‌ಸನ್, 1974ರಲ್ಲಿ ಲಿಯಾನ್ ಲೂಸಿ ಬೇರೆಬೇರೆಯಾಗಿ ಕಂಡುಕೊಂಡು ಪ್ರಕಟಿಸಿದ್ದು. ಇವತ್ತಿಗೂ ರಾ ಥೆರಪೀ ಎಂಬ ಉಚಿತ ತಂತ್ರಾಂಶ ತೆರೆದರೆ ಅದರ ಮೆನುವಿನಲ್ಲಿ ಆ ಇಬ್ಬರ ಹೆಸರಿನ ಮೊದಲಕ್ಷರಗಳು ಕಾಣುತ್ತವೆ.

ರಿಚರ್ಡ್‌ಸನ್–ಲೂಸಿ ವಿಧಾನದಲ್ಲಿ ಮೊದಲು ಒಂದು ಅಂದಾಜಿನ ಪಟ ಇಟ್ಟುಕೊಳ್ಳುತ್ತಾರೆ, ಬರಿಯ ಬೂದುಬಣ್ಣದ್ದಾದರೂ ಸರಿ. ಅದನ್ನು ಗೊತ್ತಿರುವ ಗೆರೆಯ ಪ್ರಕಾರ ಬೇಕೆಂದೇ ಮಬ್ಬು ಮಾಡಿ, ಕೈಯಲ್ಲಿರುವ ನಿಜವಾದ ಮಬ್ಬು ಪಟದ ಪಕ್ಕ ಇಟ್ಟು ಹೋಲಿಸುತ್ತಾರೆ. ಎಲ್ಲಿ ಬೆಳಕು ಕಡಿಮೆ ಬಿದ್ದಿತೋ ಅಲ್ಲಿ ಅಂದಾಜನ್ನು ಹೆಚ್ಚಿಸು, ಹೆಚ್ಚು ಬಿದ್ದಲ್ಲಿ ತಗ್ಗಿಸು. ಮತ್ತೆ ಮಬ್ಬು ಮಾಡು, ಮತ್ತೆ ಹೋಲಿಸು. ಸುತ್ತು ಸುತ್ತಿಗೂ ಅಂದಾಜು ನಿಜಕ್ಕೆ ಹತ್ತಿರವಾಗುತ್ತ ಹೋಗುತ್ತದೆ. ಇದರಲ್ಲಿ ನನ್ನ ಮನಸ್ಸು ಗೆದ್ದ ಗುಣವೆಂದರೆ ಪಟದ ಒಟ್ಟು ಬೆಳಕು ಮೊದಲೆಷ್ಟಿತ್ತೋ ಕೊನೆಗೂ ಅಷ್ಟೇ ಇರುತ್ತದೆ. ಅಂಗಡಿಯ ಜಮಾಖರ್ಚಿನ ಹಾಗೆ, ಕೆನ್ನೆಗೆ ಕೊಟ್ಟದ್ದನ್ನು ಪಕ್ಕದ ನೆರಳಿನಿಂದ ಕಳೆದೇ ಕೊಡಬೇಕು.

ಪೈಥಾನ್ ಭಾಷೆಯ ಸೈಕಿಟ್-ಇಮೇಜ್ ಎಂಬ ಉಚಿತ ಸಂಗ್ರಹದಲ್ಲಿ ಈ ವಿಧಾನ ಸಿದ್ಧವಾಗಿಯೇ ಸಿಗುತ್ತದೆ. ಪಟ, ಗೆರೆ, ಎಷ್ಟು ಸುತ್ತು, ಮೂರನ್ನು ಹೇಳಿದರೆ ಸಾಕು. ಫಿಲ್ಮು ಬೆಳಕನ್ನು ನೇರ ಅನುಪಾತದಲ್ಲಿ ಬರೆದುಕೊಳ್ಳುವುದಿಲ್ಲವಾದ್ದರಿಂದ ಅದನ್ನು ಮೊದಲು ಸರಿತೂಗಿಸಿಕೊಳ್ಳಬೇಕು. ಮೂಗುಬೊಟ್ಟಿನ ಗೆರೆಯನ್ನು ಕತ್ತರಿಸಿ ತೆಗೆದು, ಸುತ್ತಲಿನ ಚರ್ಮದ ಬೆಳಕನ್ನು ಕಳೆದು, ಕಪ್ಪು ಚೌಕದ ನಡುವೆ ಇಟ್ಟೆ. ಕೆಲಸ ಆಮೇಲೆ ಶುರು.

ಮೊದಲ ಕೆಲವು ಸುತ್ತುಗಳಲ್ಲಿ ದೊಡ್ಡ ಅಂಚುಗಳು ಕೂಡಿಕೊಳ್ಳುತ್ತವೆ. ಜೋಡಿಯಾಗಿ ಕಾಣುತ್ತಿದ್ದ ಚಪ್ಪರದ ಅಡಿಕೆ ದಬ್ಬೆಗಳು ಒಂದೊಂದಾದವು. ತಂಬಿಗೆಗೆ ಕಂಠ ಬಂತು. ಆಮೇಲೆ ಹುಬ್ಬು, ಬೈತಲೆ, ಕಿವಿಯ ಓಲೆ. ಇನ್ನೂ ಕೆಲವು ಸುತ್ತಿಗೆ ಎಡಗೆನ್ನೆಯ ಸಿಡುಬಿನ ಕಲೆಗಳು ಎದ್ದವು. ಚಿಕ್ಕಂದಿನಲ್ಲಿ ಅವಳ ಪಕ್ಕ ಮಲಗಿ ನಾನು ಬೆರಳಾಡಿಸುತ್ತಿದ್ದ ಕಲೆಗಳು ಅವು. ಕಣ್ಣು ಕ್ಯಾಮೆರಾದ ಕಡೆಗಿಲ್ಲ, ಕತ್ತಿಯ ಮೇಲಿದೆ ಎಂದು ಆಗ ಗೊತ್ತಾಯಿತು. ಅಲ್ಲಿಗೇ ನಿಲ್ಲಿಸಬೇಕು. ಇನ್ನೂ ಮುಂದುವರಿಸಿದರೆ ಫಿಲ್ಮಿನ ಕಾಳುಗಳನ್ನೇ ತಂತ್ರಾಂಶ ಮುಖದ ವಿವರವೆಂದುಕೊಂಡು ಎತ್ತಿ ತೋರಿಸತೊಡಗುತ್ತದೆ. ಸೀರೆಯ ಅಂಚಿನ ಪಕ್ಕದಲ್ಲಿ ಇಲ್ಲದ ಅಂಚುಗಳು ಅಲೆಯಲೆಯಾಗಿ ಏಳುತ್ತವೆ. ಎಲ್ಲಿ ನಿಲ್ಲಬೇಕೆಂದು ಹೇಳಿಕೊಡುವ ಸೂತ್ರಗಳೂ ಇವೆ. ನಾನು ನಂಬುವುದು ಕಣ್ಣನ್ನು, ಮಾರನೆಯ ದಿನ ಬೆಳಿಗ್ಗೆಯ ಕಣ್ಣನ್ನು. ರಾತ್ರಿ ಕೂತು ನೋಡಿದ ಕಣ್ಣಿಗೆ ಆಸೆ ಹೆಚ್ಚು.

ತಂತ್ರಾಂಶಗಳಲ್ಲಿ ಎಲ್ಲರಿಗೂ ಪರಿಚಯವಿರುವ ‘ಶಾರ್ಪನ್’ ಒತ್ತಿದರೆ ಇದೆಲ್ಲ ಆಗುವುದಿಲ್ಲವೇ ಎಂದು ಕೇಳುವವರಿದ್ದಾರೆ. ಅದು ಬೇರೆ ಕೆಲಸ. ಅನ್‌ಶಾರ್ಪ್ ಮಾಸ್ಕ್ ಹುಟ್ಟಿದ್ದು ಡಾರ್ಕ್‌ರೂಮಿನಲ್ಲಿ: ನೆಗೆಟಿವಿನ ಒಂದು ಮಬ್ಬು ಪಾಸಿಟಿವ್ ಪ್ರತಿ ಮಾಡಿಕೊಂಡು ಎರಡನ್ನೂ ಒಟ್ಟಿಗೆ ಹಿಡಿದು ಪ್ರಿಂಟ್ ಹಾಕುತ್ತಿದ್ದರು. ಅಂಚಿನ ಈಚೆ ಸ್ವಲ್ಪ ಕಪ್ಪು, ಆಚೆ ಸ್ವಲ್ಪ ಬಿಳುಪು ಹೆಚ್ಚಿ ಪಟ ಚುರುಕಾಗಿ ಕಾಣುತ್ತದೆ. ಚದುರಿದ ಬೆಳಕು ಮಾತ್ರ ಚದುರಿದಲ್ಲೇ ಇರುತ್ತದೆ. ಗೆರೆ ತೋರಿಸುವ ಮೂಗುಬೊಟ್ಟು ಇಲ್ಲದ ಪಟಗಳಿಗೂ ದಾರಿಯಿದೆ. ರಾಬ್ ಫರ್ಗಸ್ ಮತ್ತು ಸಂಗಡಿಗರು 2006ರಲ್ಲಿ, ಕೈ ಅಲುಗಿದ ದಾರಿಯನ್ನು ಮಬ್ಬು ಪಟದಿಂದಲೇ ಊಹಿಸುವ ಬಗೆ ತೋರಿಸಿದರು. ಲೋಕದ ಯಾವ ಪಟದಲ್ಲೂ ಬಹುಭಾಗ ನಯ, ಅಲ್ಲಲ್ಲಿ ಮಾತ್ರ ಚೂಪು ಅಂಚು ಎನ್ನುವುದು ಅವರ ಆಧಾರ. ಯಾವ ಗೆರೆಯನ್ನು ಬಿಡಿಸಿದರೆ ಪಟ ಅಂಥ ಸ್ವಭಾವಕ್ಕೆ ಮರಳುತ್ತದೋ ಅದೇ ಕೈ ಅಲುಗಿದ ಗೆರೆ. 2013ರ ಫೋಟೊಶಾಪಿನಲ್ಲಿ ಶೇಕ್ ರಿಡಕ್ಷನ್ ಎಂಬ ಹೆಸರಿನಲ್ಲಿ ಬಂದದ್ದೂ ಇಂಥದೇ ಕೆಲಸಕ್ಕೆ.

ಅಜ್ಜಿಯ ಪಟದಲ್ಲಿ ಮರಳಿ ಬಾರದವು ಎರಡಿವೆ. ಒಂದು ಅವಳ ಸೀರೆಯ ಸಣ್ಣ ಪಟ್ಟೆ. ಸೆರಗಿನ ಮೇಲೆ ಅಡ್ಡಪಟ್ಟೆಗಳಿದ್ದವೆಂದು ಅಮ್ಮ ಹೇಳುತ್ತಾಳೆ. ಪಟದಲ್ಲಿ ಒಂದೇ ಸಮ ಬೂದು. ಪಟ್ಟೆಯಿಂದ ಪಟ್ಟೆಗಿರುವ ಅಂತರವೂ ಕೈ ಅಲುಗಿದ ಉದ್ದವೂ ಒಂದೇ ಆಗಿಬಿಟ್ಟರೆ ಪ್ರತಿ ಜಾಗಕ್ಕೂ ಅಷ್ಟೇ ಕಪ್ಪು, ಅಷ್ಟೇ ಬಿಳುಪು ಬಿದ್ದು ಎಲ್ಲ ಸಮವಾಗುತ್ತದೆ. ಸಮವಾದದ್ದನ್ನು ಯಾವ ಲೆಕ್ಕವೂ ಬಿಡಿಸಲಾರದು. ಅಲ್ಲಿ ನಿಜವಾಗಿ ನಷ್ಟವಾಗಿದೆ. ಇನ್ನೊಂದು ಅವಳ ಕೈಗಳು. ಮುಖ, ತಂಬಿಗೆ, ಚಪ್ಪರ ಎಲ್ಲ ಬಿಡಿಸಿಕೊಂಡು ಬಂದ ಮೇಲೂ ಕೈಗಳು ಮಬ್ಬಾಗಿಯೇ ಉಳಿದವು. ಕ್ಯಾಮೆರಾದ ಅಲುಗಾಟವನ್ನು ತೆಗೆದ ಮೇಲೆ ಅಲ್ಲಿ ಉಳಿದದ್ದು ಅವಳದೇ ವೇಗ.

ಮಾವನಿಗೆ ಈಗ ವಯಸ್ಸಾಗಿದೆ, ತೀರ್ಥಹಳ್ಳಿಯ ಹತ್ತಿರದ ಅದೇ ಮನೆಯಲ್ಲಿದ್ದಾರೆ. ಪಟ ದೊಡ್ಡದಾಗಿ ಪ್ರಿಂಟ್ ಹಾಕಿಸಿ ಒಯ್ದೆ. ಕನ್ನಡಕ ಏರಿಸಿ ಬಹಳ ಹೊತ್ತು ನೋಡಿ, ಕೈಗಳ ಮೇಲೆ ಬೆರಳಿಟ್ಟು, “ಒಂದ್ ನಿಮಿಷ ಅಲ್ಲಾಡ್ದೆ ಕೂತ್ಕೋ ಅಮ್ಮ ಅಂದ್ರೆ ಕೇಳಿದ್ಲಾ? ಕತ್ತಿ ಬಿಡ್ಲೇ ಇಲ್ಲ ಕಣೆ” ಎಂದರು. ಮೂಗುಬೊಟ್ಟಿನ ಗೆರೆಯನ್ನು ಬೇರೆಯಾಗಿ ಹಿಗ್ಗಿಸಿ ಪ್ರಿಂಟ್ ಮಾಡಿಸಿದ್ದೆ, ಕಪ್ಪಿನ ಮೇಲೆ ಬಿಳಿ ಕೊಕ್ಕೆ. “ಮಾವ, ಇದು ನಿಮ್ಮ ಕೈ” ಎಂದು ಕೊಟ್ಟೆ. ಅವರು ಅದನ್ನು ಪಂಚಾಂಗದೊಳಗೆ ಇಟ್ಟುಕೊಂಡರು.

ಮಾವನ ಮಗಳ ಮಗಳು ಬೆಂಗಳೂರಿನಲ್ಲಿ ಓದುತ್ತಾಳೆ. ಅದೇ ಹಳೆಯ ಪಟವನ್ನು ಅವಳು ತನ್ನ ಫೋನಿನ ಒಂದು ಆ್ಯಪಿಗೆ ಕೊಟ್ಟು, ಕ್ಷಣದಲ್ಲಿ ಬಂದದ್ದನ್ನು ನನಗೆ ಕಳಿಸಿದಳು: “ಅತ್ತೆ, ಮುತ್ತಜ್ಜಿ ಎಷ್ಟು ಚೆನ್ನಾಗಿ ಬಂದಿದಾರೆ ನೋಡಿ!” ಚೆನ್ನಾಗಿಯೇ ಇತ್ತು. ಕಣ್ಣು ಫಳಫಳ, ರೆಪ್ಪೆಯ ಕೂದಲು ಒಂದೊಂದಾಗಿ ಎಣಿಸಬಹುದು, ಕೆನ್ನೆ ನುಣುಪು. ಸಿಡುಬಿನ ಕಲೆ ಇಲ್ಲ. ನೋಟ ಕತ್ತಿಯಿಂದ ಎದ್ದು ನಮ್ಮ ಕಡೆ ತಿರುಗಿತ್ತು. ಮೂಗುಬೊಟ್ಟಿನ ಗೆರೆಯನ್ನು ಕೊಳೆಯೆಂದು ತಿಳಿದು ಒರೆಸಿಹಾಕಿತ್ತು. ನನಗೆ ಎದೆಯಲ್ಲಿ ಏನೋ ಹಿಡಿದುಕೊಂಡಂತಾಯಿತು. ಪಟದಲ್ಲಿ ಕೂತಿದ್ದವರು ನಮ್ಮ ಮನೆಯವರಲ್ಲ.

ಈ ಆ್ಯಪ್‌ಗಳು ಬೆಳಕನ್ನು ಹಿಂದಕ್ಕೆ ಕರೆಯುವುದಿಲ್ಲ. ಅಪಾರ ಸಂಖ್ಯೆಯ ಮುಖಗಳನ್ನು ನೋಡಿ ಕಲಿತು, ಇಂಥ ಮಬ್ಬಿನ ಹಿಂದೆ ಸಾಮಾನ್ಯವಾಗಿ ಎಂಥ ಮುಖವಿದ್ದೀತು ಎಂದು ಹೊಸದಾಗಿ ಬರೆಯುತ್ತವೆ. 2020ರಲ್ಲಿ ಅಮೆರಿಕದ ಡ್ಯೂಕ್ ವಿಶ್ವವಿದ್ಯಾಲಯದವರ ಪಲ್ಸ್ ಎಂಬ ತಂತ್ರಾಂಶಕ್ಕೆ ಯಾರೋ ಬರಾಕ್ ಒಬಾಮಾ ಅವರ ದಪ್ಪ ಚೌಕಗಳ ಮಬ್ಬು ಪಟ ಕೊಟ್ಟರು. ಬಂದದ್ದು ಒಬ್ಬ ಬಿಳಿಯನ ಮುಖ. ಅದು ಕಳೆದುಹೋದ ಮುಖವನ್ನು ಹುಡುಕುತ್ತಲೇ ಇರಲಿಲ್ಲ. ಕುಗ್ಗಿಸಿದರೆ ಆ ಚೌಕಗಳಿಗೆ ಸರಿಹೊಂದುವ ಯಾವುದೋ ಒಂದು ಮುಖವನ್ನು ಕಟ್ಟಿಕೊಡುತ್ತಿತ್ತು. ಮಬ್ಬು ತೆಗೆಯುವ ಸೌಲಭ್ಯ ಈಗ ಫೋನಿನೊಳಗೇ ಬರುತ್ತಿದೆ. ಗೂಗಲ್ 2022ರಲ್ಲಿ ಪಿಕ್ಸೆಲ್ 7ರ ಜೊತೆ ಅಂಥದೊಂದನ್ನು ಕೊಟ್ಟಿತು, ಹಳೆಯ ಪಟಗಳಿಗೂ ಸಲ್ಲುವಂತೆ. ನಿನ್ನೆಯ ಹುಟ್ಟುಹಬ್ಬದ ಪಟಕ್ಕೆ ಇದು ಉಪಕಾರವೇ. ಆ ಮಗುವಿನ ಮುಖ ಎದುರಿಗೇ ಇದೆ, ತಪ್ಪಿದ್ದರೆ ಕಣ್ಣಿಗೆ ಬೀಳುತ್ತದೆ. ಅಜ್ಜಿ ತೀರಿಕೊಂಡು ಬಹಳ ವರ್ಷವಾಯಿತು. ಅವಳನ್ನು ಕಂಡ ಕಣ್ಣುಗಳು ಮನೆಯಲ್ಲಿ ಕೆಲವೇ ಉಳಿದಿವೆ. ಅವೂ ಹೋದ ಮೇಲೆ ಆ ನುಣುಪು ಕೆನ್ನೆಯೇ ಅಜ್ಜಿಯಾಗಿಬಿಡುತ್ತದೆ. ಅವಳ ಮೈಯಿಂದ ಹೊರಟು ಆ ಸಂಜೆ ಕ್ಯಾಮೆರಾದೊಳಕ್ಕೆ ಹೋದ ಬೆಳಕು ಇಷ್ಟಾದರೂ ನಮ್ಮ ಹತ್ತಿರ ಇರುವಾಗ, ಎಂದೂ ಬಾರದ ಬೆಳಕನ್ನು ಅದರ ಮೇಲೆ ಬಳಿಯುವುದು ನನಗೆ ಒಪ್ಪುವುದಿಲ್ಲ. ಇಷ್ಟನ್ನೂ ಆ ಹುಡುಗಿಗೆ ಫೋನಿನಲ್ಲಿ ಹೇಳಿದೆ. ಕೇಳಿಸಿಕೊಂಡಳು. ಎರಡು ಪಟಗಳನ್ನೂ ಪಕ್ಕಪಕ್ಕ ಇಟ್ಟು ಮಾವನಿಗೆ ತೋರಿಸಿದಳಂತೆ. ಆ್ಯಪಿನ ಪಟವನ್ನು ನೋಡಿ ಅವರು “ಇದು ಯಾರು?” ಎಂದರಂತೆ.

ಎಲ್ಲ ಮಬ್ಬನ್ನೂ ಬಿಡಿಸಬೇಕೆಂಬ ಹಟ ನನಗಿಲ್ಲ. ಡಬ್ಬಿಯಲ್ಲಿ ಯಕ್ಷಗಾನದ ಒಂದು ಪಟವಿದೆ. ವೇಷಧಾರಿ ಧೀಂಗಿಣ ಹಾಕುತ್ತಿದ್ದಾನೆ, ರಂಗಸ್ಥಳದ ಕಂಬ ಸ್ಪಷ್ಟ, ಅವನು ಮಾತ್ರ ಕೆಂಪು ಹಳದಿ ಬಣ್ಣದ ಒಂದು ಸುತ್ತು. ಅದನ್ನು ಸ್ಕ್ಯಾನ್ ಮಾಡಿ ಹಾಗೇ ಇಟ್ಟಿದ್ದೇನೆ.

ಈಗ ಅದೇ ಹುಡುಗಿ ರಜೆಗೆ ಊರಿಗೆ ಹೋದವಳು ಅಟ್ಟದ ಮೇಲೆ ಇನ್ನೊಂದು ರೋಲಿನ ನೆಗೆಟಿವ್‌ಗಳನ್ನು ಹುಡುಕಿದ್ದಾಳೆ. ನೆಗೆಟಿವನ್ನು ಕಿಟಕಿಗೆ ಹಿಡಿದು ಫೋನಿನಲ್ಲಿ ತೆಗೆದು ವಾಟ್ಸಾಪಿನಲ್ಲಿ ಕಳಿಸಿದಳು. ನನ್ನ ಅಮ್ಮ ಲಂಗ ಎತ್ತಿಕಟ್ಟಿ ಹೊಳೆಯ ಕಲ್ಲಿನ ಮೇಲೆ ನಿಂತಿದ್ದಾಳೆ, ಮುಖ ಪೂರ್ತಿ ಫೋಕಸ್ ಆಚೆ. ವಾಟ್ಸಾಪ್ ಪಟವನ್ನು ಕುಗ್ಗಿಸಿ ಹಿಂಡಿಬಿಡುತ್ತದೆ. ಮಬ್ಬಿನೊಳಗಿನ ನಸುಛಾಯೆಗಳೇ ಮೊದಲು ಹೋಗುವುದು, ನಮಗೆ ಬೇಕಾದದ್ದೂ ಅವೇ. “ಬಟ್ಟೆಯಲ್ಲಿ ಒರೆಸಬೇಡ, ಅಂಚಲ್ಲಿ ಹಿಡಿ, ಶಿವಮೊಗ್ಗಕ್ಕೆ ಹೋದಾಗ ಸ್ಟುಡಿಯೊದಲ್ಲಿ ಸ್ಕ್ಯಾನ್ ಮಾಡಿಸು, ಟಿಫ್ ಫೈಲ್ ಕೇಳು, ಫೋಟೊ ಅಂತ ಅಲ್ಲ, ಡಾಕ್ಯುಮೆಂಟ್ ಅಂತ ಕಳಿಸು” ಎಂದು ಬರೆದಿದ್ದೇನೆ. ಹೊಳೆ ನೀರಿನ ಮೇಲೆ ಬಿಸಿಲು ಬಿದ್ದಲ್ಲೆಲ್ಲ ದುಂಡನೆಯ ಬಿಲ್ಲೆಗಳಿವೆ. ಅಳತೆಗೆ ಅಮ್ಮ ನಿಂತಷ್ಟೇ ದೂರದಲ್ಲಿರುವ ಯಾವುದನ್ನು ಬೇಕಾದರೂ ಆರಿಸಿಕೊಳ್ಳಬಹುದು.